ನಾಲ್ಕನೆಯ ಭಾಗ ಮತ್ತು ನಮ್ಮವ್ವನ ವಾಯಿದೆ

ದಲಿತ ವಿಮರ್ಶೆ ಕುರಿತ ವಿಶೇಷ ಸಂಚಿಕೆಗೆ ಒಂದು ಕಾದಂಬರಿಯ ಬಗ್ಗೆ ಬರೆದುಕೊಡುತ್ತೇನೆ ಅಂತ ಸಂಪಾದಕ ಮಿತ್ರರಿಗೆ ಮಾತು ಕೊಟ್ಟಿದ್ದೆ. ಬರೆಯಲು ಕೂತಾಗ ಮೇಜಿನ ಮೇಲೆ ಇದ್ದದ್ದು ಕಾದಂಬರಿಯಲ್ಲ, ನಮ್ಮ ಮನೆಯ ಜಮೀನು ಕೇಸಿನ ಕಟ್ಟು. ಕೆಂಪು ದಾರ ಸುತ್ತಿದ ಆ ಕಟ್ಟನ್ನು ಪಕ್ಕಕ್ಕೆ ಸರಿಸಿ ಕಾದಂಬರಿ ತೆರೆಯಬೇಕಿತ್ತು. ಸರಿಸಲಾಗಲಿಲ್ಲ. ಆಗ ಅನ್ನಿಸಿದ್ದು ಇಷ್ಟು: ನಮ್ಮ ವಿಮರ್ಶೆ ಇಲ್ಲಿಯತನಕ ಕತೆ, ಕವಿತೆ, ಆತ್ಮಕಥೆಗಳನ್ನು ಓದಿದೆ. ಪುರಾಣಗಳನ್ನು ತಿರುವಿ ಹಾಕಿ ಅವುಗಳ ಹುನ್ನಾರಗಳನ್ನು ಬಯಲಿಗೆಳೆದಿದೆ. ಆದರೆ ನಮ್ಮ ಜನರ ಬದುಕನ್ನು ದಿನಬೆಳಗಾದರೆ ಬರೆಯುತ್ತಿರುವ ಪಠ್ಯಗಳನ್ನು, ಅಂದರೆ ಸಾಗುವಳಿ ಚೀಟಿ, ಕ್ರಯಪತ್ರ, ಅರ್ಜಿ, ತೀರ್ಪುಗಳನ್ನು, ವಕೀಲರಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂತಿದೆ. ನಾನು ವಕೀಲನಲ್ಲ. ಸಾಹಿತ್ಯದ ಮೇಷ್ಟ್ರು. ಒಂದು ಪಠ್ಯವನ್ನು ಹೇಗೆ ಓದಬೇಕು ಅಂತ ಕಲಿತಿದ್ದೇನೋ ಹಾಗೇ ಈ ಕಾಗದಗಳನ್ನೂ ಓದಲು ನೋಡುತ್ತೇನೆ.

2023ರ ಸೆಪ್ಟೆಂಬರ್ 15ರಂದು ನಮ್ಮ ರಾಜ್ಯದಲ್ಲಿ ಸಂವಿಧಾನದ ಪೀಠಿಕೆಯನ್ನು ಎಲ್ಲರೂ ಒಟ್ಟಾಗಿ ಓದಿದರು. ನಾನೂ ಎದೆ ಮೇಲೆ ಕೈಯಿಟ್ಟು ಓದಿದೆ. ಬೇಡ ಅನ್ನೋದಿಲ್ಲ. ಆದರೆ ಪೀಠಿಕೆ ಮುಗಿಸಿ ಯಾರೂ ನಾಲ್ಕನೆಯ ಭಾಗದವರೆಗೆ ಹೋಗುವುದಿಲ್ಲ. ಜೀವನೋಪಾಯ, ಕೂಲಿ, ಕೆಲಸ, ಪೌಷ್ಟಿಕ ಆಹಾರ, ದುರ್ಬಲರ ಶಿಕ್ಷಣ ಮತ್ತು ಆರ್ಥಿಕ ಹಿತ, ಇವೆಲ್ಲ ಇರುವುದು ಅಲ್ಲಿ, 36ರಿಂದ 51ರವರೆಗಿನ ವಿಧಿಗಳಲ್ಲಿ. ಆ ಭಾಗದ ಬಾಗಿಲಲ್ಲೇ 37ನೆಯ ವಿಧಿ ನಿಂತಿದೆ. ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದವು, ಕಾನೂನು ಮಾಡುವಾಗ ಇವನ್ನು ಅನ್ವಯಿಸುವುದು ರಾಜ್ಯದ ಕರ್ತವ್ಯ, ಆದರೆ ಯಾವ ನ್ಯಾಯಾಲಯವೂ ಇವನ್ನು ಜಾರಿ ಮಾಡಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ನಮ್ಮವ್ವನಿಗೆ ನನಗೆ ತಿಳಿದಂತೆ ವಿವರಿಸಿದೆ. ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡು, "ಅಂದ್ರೆ ಕೊಡ್ತೀವಿ ಅಂತಾನೂ ಬರ್ದವ್ರೆ, ಬಂದು ಕೇಳ್ಬ್ಯಾಡಿ ಅಂತಾನೂ ಬರ್ದವ್ರೆ ಅನ್ನು" ಅಂದಳು. 37ನೆಯ ವಿಧಿಯ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಿಲ್ಲ.

ದೇಶ ಬಡವಾಗಿತ್ತು, ಬೊಕ್ಕಸ ಬರಿದಾಗಿತ್ತು, ಆದ್ದರಿಂದ ಹೀಗೆ ಮಾಡಬೇಕಾಯಿತು ಎಂಬ ಸಮಜಾಯಿಷಿಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಹಾಗೆ ನೋಡಿದರೆ ಗೆರೆಯ ಈಚೆಗೆ, ಅಂದರೆ ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ಮೂರನೆಯ ಭಾಗದಲ್ಲಿ, 1950ರಲ್ಲಿ ಏನೇನಿತ್ತು? ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೆಯ ವಿಧಿ ಇತ್ತು. ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ 23ನೆಯದಿತ್ತು. ಇವು ನಮ್ಮವು, ಸಣ್ಣವಲ್ಲ. ಜತೆಗೆ 31ನೆಯ ವಿಧಿಯೂ ಇತ್ತು. ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ಸರ್ಕಾರ ತೆಗೆದುಕೊಳ್ಳುವಂತಿಲ್ಲ ಎಂದಿತ್ತು. ಅಂದರೆ ಜಮೀನ್ದಾರ ತನ್ನ ಭೂಮಿಯ ಬೆಲೆಯನ್ನು ಕೋರ್ಟಿಗೆ ಹೋಗಿ ಕೇಳಬಹುದು, ಆ ಭೂಮಿಯನ್ನು ಉತ್ತವನು ತನ್ನ ಅನ್ನವನ್ನು ಕೇಳುವಂತಿಲ್ಲ. ಪರಿಹಾರಕ್ಕೂ ದುಡ್ಡು ಬೇಕಿತ್ತಲ್ಲ? ಅಲ್ಲಿ ಬಡತನ ಅಡ್ಡಬರಲಿಲ್ಲ. ಜಮೀನ್ದಾರಿ ರದ್ದು ಮಾಡಲು 1951ರಲ್ಲೇ ಮೊದಲ ತಿದ್ದುಪಡಿ ತರಬೇಕಾಯಿತು, ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ ಹೋಗಲು 1978ರ 44ನೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಇಲ್ಲಿ ಬಾಬಾಸಾಹೇಬರ ಮಾತು ಬರಲೇಬೇಕು, ಅದೂ ಭಜನೆಯ ಧಾಟಿಯಲ್ಲಿ ಅಲ್ಲ. ಅವರ ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, 1947ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಪರವಾಗಿ ಸಿದ್ಧಪಡಿಸಿದ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿ. ಅದರಲ್ಲಿ ವ್ಯವಸಾಯ ರಾಜ್ಯದ ಉದ್ದಿಮೆ. ಜಾತಿ ಮತ ನೋಡದೆ ಊರಿನವರಿಗೆ ಭೂಮಿಯನ್ನು ಸಾಮೂಹಿಕ ಬೇಸಾಯಕ್ಕೆ ಕೊಡಬೇಕು. ಒಡೆಯನೂ ಇರಬಾರದು, ಗೇಣಿದಾರನೂ ಇರಬಾರದು, ಭೂಮಿಯಿಲ್ಲದ ಕೂಲಿಯೂ ಇರಬಾರದು. ಇದನ್ನು ಮುಂದೆ ಬರುವ ಬಹುಮತದ ಮರ್ಜಿಗೆ ಬಿಡದೆ ಸಂವಿಧಾನದಲ್ಲೇ ಬರೆಯಬೇಕು ಎಂಬುದು ಅವರ ಪಟ್ಟು. ಅದಕ್ಕೆ ವಾಯಿದೆಯನ್ನೂ ಗೊತ್ತುಮಾಡಿದ್ದರು: ಸಂವಿಧಾನ ಜಾರಿಗೆ ಬಂದ ಹತ್ತು ವರ್ಷದೊಳಗೆ. ಎರಡನೆಯದು, 1948ರ ನವೆಂಬರಿನಲ್ಲಿ ಕರಡು ಸಮಿತಿಯ ಅಧ್ಯಕ್ಷರಾಗಿ ಅವರು ಸಂವಿಧಾನ ಸಭೆಯಲ್ಲಿ ಆಡಿದ ಮಾತುಗಳು. ಕೆ.ಟಿ. ಷಾ ಈ ತತ್ವಗಳನ್ನು ಜಾರಿ ಮಾಡಿಸುವ ಹಕ್ಕುಗಳನ್ನಾಗಿಸಿ ಅನ್ನುತ್ತಿದ್ದರು. ಟಿ.ಟಿ. ಕೃಷ್ಣಮಾಚಾರಿ ಇವನ್ನು ಭಾವನೆಗಳ ಕಸದ ತೊಟ್ಟಿ ಅಂತ ಕರೆದರು. ಅಂಬೇಡ್ಕರ್ ಇಬ್ಬರ ನಡುವೆ ನಿಂತು, ಇವು ಆಳುವವರಿಗೆ ಕೊಟ್ಟ ಆದೇಶಗಳು, ಉಲ್ಲಂಘಿಸಿದವರು ಕೋರ್ಟಿಗೆ ಅಲ್ಲದಿದ್ದರೂ ಚುನಾವಣೆಯ ಹೊತ್ತಿಗೆ ಮತದಾರರಿಗೆ ಉತ್ತರ ಕೊಡಬೇಕಾಗುತ್ತದೆ ಎಂದರು. ಮೊದಲನೆಯದು ಹೊಲೆಮಾದಿಗರ ನಾಯಕನ ಬರಹ, ಎರಡನೆಯದು ಸಭೆಯ ಬಲಾಬಲ ಗೊತ್ತಿದ್ದ ಕರಡುಕಾರನ ಮಾತು. ನಮ್ಮ ಭಾಷಣಗಳಲ್ಲಿ ಎರಡನ್ನೂ ಕಲಸಿ ಒಂದೇ ಅಂಬೇಡ್ಕರನ್ನು ಮಾಡಿಕೊಳ್ಳುತ್ತೇವೆ. ಆ ಹತ್ತು ವರ್ಷದ ವಾಯಿದೆ ಎಲ್ಲಿ ಬಿದ್ದುಹೋಯಿತು ಎಂಬ ಪ್ರಶ್ನೆ ಹಾಗಾಗಿಯೇ ನಮಗೆ ಹೊಳೆಯುವುದಿಲ್ಲ.

ನಾಲ್ಕನೆಯ ಭಾಗ ಕೋರ್ಟಿನಲ್ಲಿ ಅನುಭವಿಸಿದ ಮೊದಲ ದೊಡ್ಡ ಸೋಲು ಯಾವುದು ಗೊತ್ತೆ? 1951ರ ಚಂಪಕಂ ದೊರೈರಾಜನ್ ಪ್ರಕರಣ. ಮದರಾಸು ಸರ್ಕಾರ ಕಾಲೇಜು ಸೀಟುಗಳನ್ನು ಜಾತಿವಾರು ಹಂಚುತ್ತಿತ್ತು. ಅದನ್ನು ಸಮರ್ಥಿಸಲು ಹಿಡಿದುಕೊಂಡದ್ದು 46ನೆಯ ವಿಧಿಯನ್ನು, ಅಂದರೆ ಪರಿಶಿಷ್ಟರ ಶಿಕ್ಷಣ ಮತ್ತು ಆರ್ಥಿಕ ಹಿತ ಕಾಯಬೇಕು ಎನ್ನುವ ನಮ್ಮದೇ ವಿಧಿಯನ್ನು. ನಿರ್ದೇಶಕ ತತ್ವಗಳು ಮೂಲಭೂತ ಹಕ್ಕುಗಳ ಅಡಿಯಾಳಾಗಿ ನಡೆಯಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಸಮಾನತೆಯ ಹೆಸರಿನಲ್ಲೇ ಸಮಾನತೆಯ ವಿಧಿಯನ್ನು ಕೆಳಗೆ ಕೂರಿಸಿದ್ದು ಹೀಗೆ. ಸಂಸತ್ತು ಅದೇ ವರ್ಷ 15(4) ಸೇರಿಸಿ ಸೀಟುಗಳನ್ನು ಉಳಿಸಿತು. ಭೂಮಿ, ಕೂಲಿ, ಅನ್ನ ಇದ್ದಲ್ಲೇ ಇದ್ದವು.

ಈಗ ನನ್ನ ಮುಖ್ಯ ಪಠ್ಯಕ್ಕೆ ಬರುತ್ತೇನೆ. 1985ರ ಜುಲೈನಲ್ಲಿ ಬಂದ ಓಲ್ಗಾ ಟೆಲಿಸ್ ತೀರ್ಪು. 1981ರ ಮಳೆಗಾಲದಲ್ಲಿ ಮುಂಬಯಿಯ ಫುಟ್‌ಪಾತ್ ಮತ್ತು ಸ್ಲಂ ಜನರನ್ನು ಎಬ್ಬಿಸಿ ಅವರವರ ಊರಿಗೆ ಸಾಗಹಾಕುತ್ತೇವೆ ಅಂತ ಅಲ್ಲಿನ ಸರ್ಕಾರ ಹೊರಟಿತ್ತು. ಅದನ್ನು ಪ್ರಶ್ನಿಸಿ ಹೋದ ಪ್ರಕರಣ ಇದು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, ಹೊಟ್ಟೆಪಾಡನ್ನು ಕಿತ್ತುಕೊಂಡರೆ ಜೀವವನ್ನೇ ಕಿತ್ತುಕೊಂಡಂತೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನಾಲ್ಕನೆಯ ಭಾಗದ ಮಾತನ್ನು ಮೂರನೆಯ ಭಾಗದ 21ನೆಯ ವಿಧಿಯೊಳಗೆ ತಂದು ಕೂರಿಸಿದ ದೊಡ್ಡ ತೀರ್ಪು ಅಂತ ಎಲ್ಲ ಪಾಠಗಳಲ್ಲೂ ಬರುತ್ತದೆ. ಸುಳ್ಳಲ್ಲ.

ಆದರೆ ಪಠ್ಯವನ್ನು ಕೊನೆಯವರೆಗೆ ಓದುವುದು ವಿಮರ್ಶಕನ ಕನಿಷ್ಠ ಕೆಲಸ. ತೀರ್ಪಿನ ಮೊದಲ ಪುಟಗಳಲ್ಲಿ ಒಬ್ಬ ಅರ್ಜಿದಾರ ಬರುತ್ತಾನೆ. ಸೇಲಂನ ಭೂಮಿಯಿಲ್ಲದ ಕೂಲಿ. ಬರ ಬಂದು ಕೆಲಸ ಹೋಗಿ 1961ರಲ್ಲಿ ಮುಂಬಯಿಗೆ ಬಂದವನು. ದಹಿಸರದ ಕಾರ್ಖಾನೆಯಲ್ಲಿ ದಿನಕ್ಕೆ 23 ರೂಪಾಯಿ ಕೂಲಿ. ಹೆದ್ದಾರಿ ಪಕ್ಕದ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ಕು, ತಾಡಪಾಲಿನ ಒಂದು ಮರೆಗಾಗಿ ಸ್ಲಂ ದಾದಾ ಒಬ್ಬ ಅವನಿಂದ 2,500 ರೂಪಾಯಿ ಕಿತ್ತಿದ್ದಾನೆ. ಹೆಂಡತಿ, ಮೂವರು ಹೆಣ್ಣುಮಕ್ಕಳು. ಕತೆಗಾರ ಅಸೂಯೆಪಡುವಷ್ಟು ಖಚಿತವಾದ ವಿವರ. ಅವನು ಯಾಕೆ ಭೂಮಿಯಿಲ್ಲದವನಾದ ಎಂಬ ಪ್ರಶ್ನೆಯ ಹತ್ತಿರ ಮಾತ್ರ ಆ ಪಠ್ಯ ಸುಳಿಯುವುದಿಲ್ಲ. ಬರ ಇದೆ, ಜಾತಿ ಇಲ್ಲ. ಊರಿಂದ ನಗರಕ್ಕೆ ಬರುವುದು ಬಡತನದ ಒಂದು ನೈಸರ್ಗಿಕ ಚಲನೆ, ಮಳೆನೀರು ತಗ್ಗಿಗೆ ಹರಿದಂತೆ! ಆಮೇಲೆ, ಆ ಪ್ರಕರಣ ಚರಿತ್ರೆಯಲ್ಲಿ ಉಳಿದದ್ದು ಅವನ ಹೆಸರಿನಲ್ಲಿ ಅಲ್ಲ, ಜತೆಯಲ್ಲಿ ಅರ್ಜಿ ಹಾಕಿದ ಪತ್ರಕರ್ತೆಯ ಹೆಸರಿನಲ್ಲಿ. ಆಕೆಯ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ನಾನು ಹೇಳುತ್ತಿರುವುದು ಶೀರ್ಷಿಕೆ ಯಾರಿಗೆ ಸಲ್ಲುತ್ತದೆ ಎಂಬುದರ ಬಗ್ಗೆ.

ಇನ್ನೂ ಒಂದು. ಮುಂಬಯಿ ಹೈಕೋರ್ಟಿನಲ್ಲಿ ಇದೇ ಜನರ ಪರವಾಗಿ, ಫುಟ್‌ಪಾತಿನ ಮೇಲೆ ಗುಡಿಸಲು ಹಾಕುವ ಮೂಲಭೂತ ಹಕ್ಕು ತಮಗಿಲ್ಲ, 1981ರ ಅಕ್ಟೋಬರ್ 15ರ ನಂತರ ಕೆಡವಿದರೆ ಅಡ್ಡಿಮಾಡುವುದಿಲ್ಲ ಅಂತ ಒಪ್ಪಿಕೊಳ್ಳಲಾಗಿತ್ತು. ಸಂವಿಧಾನ ಕೊಟ್ಟ ಹಕ್ಕನ್ನು ಯಾರೂ ಹಾಗೆ ಬಿಟ್ಟುಕೊಡಲಾಗದು ಎಂದು ಸುಪ್ರೀಂ ಕೋರ್ಟು ಹೇಳಿದ್ದು ದೊಡ್ಡ ಮಾತೇ. ಅಷ್ಟಾಗಿಯೂ ಕೊನೆಗೆ ಆದದ್ದೇನು? ಫುಟ್‌ಪಾತು ನಡೆಯುವವರದು, ಅಲ್ಲಿ ವಾಸಿಸುವ ಹಕ್ಕು ಯಾರಿಗೂ ಇಲ್ಲ, ತೆರವು ಮಾಡಬಹುದು. ಆದರೆ ಮಳೆಗಾಲ ಕಳೆಯಲಿ, 1985ರ ಅಕ್ಟೋಬರ್ 31ರವರೆಗೆ ಬಿಡಿ. ಹಕ್ಕು ಗೆದ್ದಿತು, ಹಕ್ಕುದಾರ ಎದ್ದು ಹೋಗಬೇಕಾಯಿತು. ಒಂದು ಮಳೆಗಾಲದ ವಾಯಿದೆ ಸಿಕ್ಕಿತು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ, ಬಡವರಿಗೆಂದೇ ಕ್ವಾರ್ಟರ್ಸ್ ಕಟ್ಟಿದ್ದ ಜಾಗದಿಂದ ಬಡವರನ್ನು ಜೆಸಿಬಿ ತಂದು ಎಬ್ಬಿಸಿದಾಗ ನಾನು ಆ ರಸ್ತೆಯಲ್ಲಿ ನಿಂತಿದ್ದೆ. ಜೀವನೋಪಾಯದ ಹಕ್ಕು ಆಗಲೂ ಪುಸ್ತಕದಲ್ಲಿ ಇತ್ತು.

ಶಿಕ್ಷಣದ ಹಕ್ಕಿನ ಕತೆಯೂ ಹೀಗೇ ವಿಚಿತ್ರ. ನಾಲ್ಕನೆಯ ಭಾಗದಲ್ಲಿ ವಾಯಿದೆ ಹಾಕಿ ಬರೆದದ್ದು ಅದೊಂದನ್ನೇ: 14 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಶಿಕ್ಷಣ ಕೊಡಲು ಯತ್ನಿಸಬೇಕು ಎಂದು. 1960 ಬಂತು, ಹೋಯಿತು. ಕಡೆಗೆ 1992ರಲ್ಲಿ ಶಿಕ್ಷಣವೂ ಹಕ್ಕು ಅಂತ ಸುಪ್ರೀಂ ಕೋರ್ಟು ಹೇಳಿದಾಗ ಎದುರಿಗಿದ್ದದ್ದು ನಮ್ಮ ಕರ್ನಾಟಕದ್ದೇ ಪ್ರಕರಣ. ಅದು ದನ ಮೇಯಿಸುವ ಹುಡುಗನ ಅರ್ಜಿಯಲ್ಲ, ಖಾಸಗಿ ಮೆಡಿಕಲ್ ಕಾಲೇಜಿನ ಶುಲ್ಕ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣ. ಮಾರನೆಯ ವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು 14 ವರ್ಷದೊಳಗಿನವರಿಗೆ ಇಳಿಸಿತು. ಸಂವಿಧಾನದ ತಿದ್ದುಪಡಿ ಬಂದದ್ದು 2002ರಲ್ಲಿ, ಕಾಯ್ದೆ ಜಾರಿಯಾದದ್ದು 2010ರಲ್ಲಿ.

ಎಲ್ಲವೂ ಸೋಲೇ ಅಂತ ಹೇಳಿದರೆ ಅಪ್ರಾಮಾಣಿಕನಾಗುತ್ತೇನೆ. 'ಒಡಲಾಳ'ದಲ್ಲಿ ಸಾಕವ್ವನ ಮನೆ ರಾತ್ರಿಯೆಲ್ಲಾ ಕೂತು ಕದ್ದ ಕಡ್ಲೆಕಾಯಿ ತಿನ್ನುತ್ತದೆ, ಬೆಳಗಾದರೆ ಪೊಲೀಸರು ಬರುತ್ತಾರೆ. ಕಾನೂನಿನ ಭಾಷೆಗೆ ಅಲ್ಲಿ ಕಾಣುವುದು ಕಳವು ಮಾತ್ರ. ಹಸಿವು ಎಂಬ ಪದ ಅದರ ಬಳಿ ಇಲ್ಲ. 2001ರಲ್ಲಿ ಆಹಾರದ ಹಕ್ಕಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಉಗ್ರಾಣದಲ್ಲಿ ಧಾನ್ಯ ಕೊಳೆಯುತ್ತಿರುವಾಗ ಹಳ್ಳಿಯಲ್ಲಿ ಜನ ಹಸಿದಿರುವುದು ಹೇಗೆ ಎಂಬ ಪ್ರಶ್ನೆಯನ್ನು ಕೋರ್ಟು ಮೊದಲ ಸಲ ತನ್ನ ಪ್ರಶ್ನೆಯಾಗಿ ಕೇಳಿಕೊಂಡಿತು. ಅದೇ ವರ್ಷ ನವೆಂಬರಿನ ಆದೇಶ, ಸರ್ಕಾರದ ಮರ್ಜಿಯ ಯೋಜನೆಗಳನ್ನು ಜನರ ಹಕ್ಕಾಗಿ ಮಾಡಿತು, ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಿ ಎಂದಿತು. 2004ರ ಏಪ್ರಿಲ್ ಆದೇಶ ಇನ್ನೂ ಮುಂದೆ ಹೋಗಿ, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂದಿತು. ನನ್ನ ಪ್ರಕಾರ ಹಸಿವು ಮತ್ತು ಜಾತಿ ಒಂದೇ ಒಲೆಯ ಮೇಲೆ ಇವೆ ಎಂಬುದನ್ನು ಈ ದೇಶದ ನ್ಯಾಯಾಂಗ ಅತ್ಯಂತ ಸ್ಪಷ್ಟವಾಗಿ ಕಂಡುಕೊಂಡ ಕ್ಷಣ ಅದು. ನಮ್ಮ ಹೆಣ್ಣುಮಕ್ಕಳು ಬಡಿಸಿದ ಅನ್ನವನ್ನು ಮಕ್ಕಳಿಂದ ಬಿಡಿಸಿದ ಊರುಗಳ ಸುದ್ದಿ ಆಮೇಲೂ ಬರುತ್ತಲೇ ಇದೆ, ನಿಜ. ಆದರೆ ಆ ಹೆಣ್ಣುಮಗಳ ಕೈಯಲ್ಲಿ ಈಗ ಒಂದು ಆದೇಶ ಇದೆ, ಸಾಕವ್ವನ ಕೈಯಲ್ಲಿ ಇರಲಿಲ್ಲ.

ಹಕ್ಕುಗಳ ಪಟ್ಟಿಗೇ ಸೇರಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎನ್ನುವ ಗೆಳೆಯರಿಗೆ ದಕ್ಷಿಣ ಆಫ್ರಿಕವನ್ನು ತೋರಿಸುತ್ತೇನೆ. ಅವರ 1996ರ ಸಂವಿಧಾನದಲ್ಲಿ ವಸತಿ ಕೋರ್ಟಿನಲ್ಲಿ ಕೇಳಬಹುದಾದ ಹಕ್ಕು. ಗುಡಿಸಲು ಕೆಡವಿಸಿಕೊಂಡು ಆಟದ ಮೈದಾನದಲ್ಲಿ ಮಲಗಿದ್ದ ಐರೀನ್ ಗ್ರೂಟ್‌ಬೂಮ್ ಮತ್ತು ಜತೆಯವರು 2000ದಲ್ಲಿ ಗೆದ್ದರು. ಇಲ್ಲಿಯ ಹಾಗಲ್ಲ, ಪ್ರಕರಣಕ್ಕೆ ಅವಳದೇ ಹೆಸರು. ಲೋಕದ ಕಾನೂನು ಕಾಲೇಜುಗಳೆಲ್ಲ ಆ ಹೆಸರು ಕಲಿತವು. ಆದರೆ ತೀರ್ಪು ಕೇಳಿದ್ದು ಸರ್ಕಾರದ ಕಾರ್ಯಕ್ರಮ ಸಮಂಜಸವೇ ಎಂದು, ಇವಳಿಗೆ ಮನೆ ಯಾವಾಗ ಎಂದಲ್ಲ. 2008ರಲ್ಲಿ ಅವಳು ಮನೆಯಿಲ್ಲದೆಯೇ ಸತ್ತಳು.

ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ಒಂದು ಹಕ್ಕು ನಮಗೂ ಇದೆ. ಈಗ ಆ ಕೆಂಪು ದಾರ ಬಿಚ್ಚುತ್ತೇನೆ.

1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ನಮ್ಮ ಕೇರಿಯವರು ಗೇಣಿದಾರರೂ ಆಗಿರಲಿಲ್ಲ, ಕೂಲಿಗಳು. ಅವರಿಗೆ ಇದ್ದದ್ದು ಸರ್ಕಾರ ಮಂಜೂರು ಮಾಡಿದ ಚೂರುಪಾರು ದರಕಾಸ್ತು ಜಮೀನು. ಅದೂ ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಕೈಬಿಟ್ಟು ಹೋಗುತ್ತಿತ್ತು. ಹಾಗೆ ಹೋದದ್ದನ್ನು ವಾಪಸ್ ಕೊಡಿಸಲು ದೇವರಾಜ ಅರಸರ ಕಾಲದಲ್ಲಿ ರೂಪುಗೊಂಡು 1979ರ ಜನವರಿಯಿಂದ ಜಾರಿಗೆ ಬಂದದ್ದು 1978ರ ಕಾಯ್ದೆ. ನಮ್ಮ ಜನ ಪಿಟಿಸಿಎಲ್ ಅಂತಲೇ ಕರೆಯುವುದು. ಮಂಜೂರಾತಿಯ ಷರತ್ತು ಮುರಿದು ಆದ ಪರಭಾರೆ, ಕಾಯ್ದೆಗೆ ಮುಂಚೆ ಆಗಿದ್ದರೂ, ಅನೂರ್ಜಿತ. ಏಸಿ ಅದನ್ನು ವಶಕ್ಕೆ ತಗೊಂಡು ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಕೊಡಬೇಕು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಚೋಮನ ಬಳಿ ಎತ್ತಿದ್ದವು, ಹೊಲ ಇರಲಿಲ್ಲ. ಕೊಡಬಾರದು ಅನ್ನಲು ಸಂಪ್ರದಾಯದ ಒಂದು ಮಾತು ಸಾಕಾಗಿತ್ತು. ಕೊಡಲೇಬೇಕು ಅನ್ನುವ ಕಾನೂನು ಬಂದ ಮೇಲೆ ಕೊಡದಿರುವುದು ಹೇಗೆ ಎಂಬುದು ನನ್ನ ಮುಂದಿನ ಓದು.

ನಮ್ಮಪ್ಪನಿಗೆ 1962ರಲ್ಲಿ ಎರಡು ಎಕರೆ ಮಂಜೂರಾಯಿತು. ಹದಿನೈದು ವರ್ಷ ಪರಭಾರೆ ಮಾಡಕೂಡದು ಅಂತ ಸಾಗುವಳಿ ಚೀಟಿಯಲ್ಲಿ ಷರತ್ತು. 1971ರಲ್ಲಿ ಅವ್ವ ಬಾಣಂತಿ ಸನ್ನಿಯಲ್ಲಿ ಬಿದ್ದಾಗ ಊರಿನ ಒಬ್ಬ ದೊಡ್ಡ ಕುಳಕ್ಕೆ ಅದನ್ನು 600 ರೂಪಾಯಿಗೆ ಬರೆದುಕೊಟ್ಟ. ಎರಡೂ ಕಾಗದ ನನ್ನ ಮುಂದಿವೆ. ಎರಡರಲ್ಲೂ ಅದೇ ಎಡಗೈ ಹೆಬ್ಬೆಟ್ಟು. ಕ್ರಯಪತ್ರ ನಾನು, ನನ್ನ ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ ಅಂತ ಶುರುವಾಗುತ್ತದೆ. ನಮ್ಮಪ್ಪ ಉತ್ತಮ ಪುರುಷದಲ್ಲಿ ಮಾತಾಡಿದ ಏಕೈಕ ಬರಹ ಅದು. ಅದನ್ನು ಬರೆದವನು ಬೇರೆ!

ನಾವು ಅರ್ಜಿ ಹಾಕಿದ್ದು 2006ರಲ್ಲಿ, ಅಪ್ಪ ಸತ್ತ ಮಾರನೇ ವರ್ಷ. ಏಸಿ ಕೋರ್ಟಿನಲ್ಲಿ ಐದು ವರ್ಷ ಓಡಾಡಿ ಗೆದ್ದೆವು. ಮೇಲ್ಮನವಿಯಲ್ಲೂ ಗೆದ್ದೆವು. ಅಷ್ಟರಲ್ಲಿ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು. ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಅರ್ಜಿಯನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು, ಸುಮಾರು 25 ವರ್ಷ ಬಿಟ್ಟು ಬಂದರೆ ಆಗದು ಎಂದಿತು. ಆಮೇಲೆ ಆ ಒಂದು ಪದ ಹಿಡಿದುಕೊಂಡು ಎಷ್ಟೋ ಕೇಸುಗಳು ಬಿದ್ದವು. ನಮ್ಮದೂ 2019ರಲ್ಲಿ ಮೇಲಿನ ಕೋರ್ಟಿನಲ್ಲಿ ಬಿತ್ತು. ಊರೂರಿನಿಂದ ಜನ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು: ಅರ್ಜಿಗೆ ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ. ಕೇರಿಯಲ್ಲಿ ಸಿಹಿ ಹಂಚಿದೆವು. 2024ರಲ್ಲಿ ಹೈಕೋರ್ಟಿನ ಪೀಠವೊಂದು, ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿ ತೆಗೆದುಹಾಕಿದ್ದು ಮೊದಲನೆಯದನ್ನು ಮಾತ್ರ ಎಂಬ ಅರ್ಥದ ತೀರ್ಪು ಕೊಟ್ಟಿತು. ಎರಡು ಪದಗಳ ನಡುವೆ ಇರುವ ಕೂದಲೆಳೆಯಷ್ಟು ಸಂದಿಯಲ್ಲಿ ನಮ್ಮ ಎರಡು ಎಕರೆ ಬಿದ್ದುಹೋಯಿತು. ಶಬ್ದಾರ್ಥಗಳ ಬಗ್ಗೆ ಪಾಠ ಮಾಡುವ ನಾನು ಇದನ್ನು ಹೇಗೆ ಓದದೆ ಬಿಡಲಿ?

ಯಾಕೆ ತಡವಾಯಿತು ಎಂಬ ಪ್ರಶ್ನೆಗೆ ನಮ್ಮ ವಕೀಲರು ಅರ್ಜಿಯಲ್ಲಿ ಬರೆದಿದ್ದ ಉತ್ತರ: ಅರ್ಜಿದಾರನ ತಂದೆ ಅನಕ್ಷರಸ್ಥ, ಮುಗ್ಧ, ಕಾನೂನಿನ ತಿಳುವಳಿಕೆ ಇಲ್ಲದವನು. ಸುಳ್ಳು. ನಮ್ಮಪ್ಪನಿಗೆ ಈ ಕಾಯ್ದೆ ಚೆನ್ನಾಗಿ ಗೊತ್ತಿತ್ತು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹೊಡಕೊಂಡು ಜಾಥಾ ಬಂದಾಗ ಕೇರಿಯ ಮುಂದೆ ಅದನ್ನೇ ಕೂಗಿ ಹೇಳಿ ಹೋಗಿದ್ದರು. ಆವತ್ತು ರಾತ್ರಿ ಅವ್ವ, "ಹಾಕನ ಬುಡು ಒಂದ್ ಅರ್ಜಿಯ" ಅಂದದ್ದಕ್ಕೆ ಅಪ್ಪ, "ನಾಳಿಕೆ ಎಲ್ಲಿಗೋಗನೆ ಕೂಲಿಗೆ? ಬಾವಿತಕ್ಕೆ ಬುಟ್ಟಾರ?" ಅಂದಿದ್ದ. ಅವನು ಕೂಲಿ ಮಾಡುತ್ತಿದ್ದದ್ದು ಅದೇ ಹೊಲದಲ್ಲಿ. ಅದರ ಬದುವಿನ ಹುಣಸೆ ಸಸಿ ಇಟ್ಟವನು ಅವನು, ಕಾಯಿ ಉದುರಿಸಿ ಅವರ ಮನೆಗೆ ಹೊತ್ತು ಹಾಕುತ್ತಿದ್ದವನೂ ಅವನೇ. ಭಯ ಇತ್ತು, ಅಜ್ಞಾನ ಇರಲಿಲ್ಲ. ಆದರೆ ಅರ್ಜಿ ಎಂಬ ಪ್ರಕಾರದಲ್ಲಿ ದಲಿತನಿಗೆ ಭಯಪಡುವ ಅವಕಾಶವಿಲ್ಲ. ಭಯ ಅಂದರೆ ಭಯಪಡಿಸಿದವರ ಹೆಸರು ಹೇಳಬೇಕಾಗುತ್ತದೆ, ಅದಕ್ಕೆ ಸಾಕ್ಷಿ ಬೇಕಾಗುತ್ತದೆ. ಮುಗ್ಧತೆಗೆ ಸಾಕ್ಷಿ ಬೇಡ. ಸವರ್ಣರ ಕಾದಂಬರಿಗಳಲ್ಲಿ ನಮ್ಮವರು ಮೂಕಪಶುಗಳಾಗಿ ಬರುತ್ತಾರೆ ಅಂತ ಪುಟಗಟ್ಟಲೆ ವಿಮರ್ಶೆ ಬರೆದವನು ನಾನು. ನಮ್ಮಪ್ಪನನ್ನು ಮೂಕಪಶು ಮಾಡಿದ ಆ ಅರ್ಜಿಗೆ ವಾರಸುದಾರ ಅಂತ ರುಜು ಹಾಕಿದವನೂ ನಾನೇ. ಹಾಕುವಾಗ ಓದಿರಲಿಲ್ಲ.

ವಿಳಂಬದ ಲೆಕ್ಕ ಒಂದೇ ಕಡೆಗೆ ಯಾಕೆ? 1960ರ ವಾಯಿದೆ ತಪ್ಪಿಸಿ 2010ರಲ್ಲಿ ಬಂದ ರಾಜ್ಯದ ವಿಳಂಬ ಸಮಂಜಸವೇ? ತಲೆಯ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ಇಲ್ಲಿ ನಿಲ್ಲಿಸಲು ಹೊರಟರು. ದೇಶಕ್ಕೆ ಕಾಯ್ದೆ ಬರಲು 1993 ಆಯಿತು. ಅದನ್ನು ಜಾರಿ ಮಾಡಿ ಅಂತ 2003ರಲ್ಲಿ ಹೋದ ಅರ್ಜಿಗೆ 2014ರಲ್ಲಿ ತೀರ್ಪು ಬಂತು: ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು. 2023ರಲ್ಲಿ ಅದು 30 ಲಕ್ಷವಾಯಿತು. ಸತ್ತ ಮೇಲಿನ ಹಕ್ಕಿಗೆ ಮಾತ್ರ ದರ ನಿಗದಿಯಾಗಿದೆ.

ನಮ್ಮ ಮೇಲ್ಮನವಿ ಇನ್ನೂ ಇದೆ. ಹೋದ ಸಲ ವಾಯಿದೆಗೆ ಅವ್ವನೂ ಬರುತ್ತೇನೆ ಅಂತ ಹಟ ಹಿಡಿದು ರಾತ್ರಿ ಬಸ್ಸಿನಲ್ಲಿ ಬಂದಳು. ಹೊಸ ವಕೀಲೆ ನಮ್ಮದೇ ಕೇರಿಯ ಕಡೆಯ ಹುಡುಗಿ. ಅಪ್ಪನ ಭಯದ ಬಗ್ಗೆ, ಕೂಲಿಯ ಬಗ್ಗೆ, ಬಾವಿಯ ಬಗ್ಗೆ ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಪ್ರಮಾಣಪತ್ರದಲ್ಲಿ ಬರೆದಿದ್ದಾಳೆ. ಕೋರ್ಟು ಅದನ್ನು ಒಪ್ಪುತ್ತದೋ ಇಲ್ಲವೋ, ಓದಿ ಹೇಳಿದಾಗ ಅವ್ವ ತಲೆಯಾಡಿಸಿ ಎರಡು ಕಡೆ ತಿದ್ದಿಸಿದಳು. ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ನಂಬರು ಬರಲಿಲ್ಲ.

"ಮುಂದ್ಕೆ ಹೋಯ್ತಾ?" ಅಂದಳು.

"ಹೂಂ ಕಣವ್ವ. ಬೇಸಿಗೆ ರಜ ಕಳೆದ ಮೇಲೆ."

"ಅಷ್ಟೊತ್ಗೆ ಹುಣಸೆಹಣ್ಣು ಉದ್ರಿಸ್ಕೊಂಡಿರ್ತರೆ" ಅಂದು ಸೆರಗು ಕೊಡವಿಕೊಂಡು ಎದ್ದಳು.